ಈಚಲ ಚಾಪೆಯೂ ಖರ್ಜೂರದ ಬೀಸಣಿಗೆಯೂ
(ಬಳಗದ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳು)



ಮೈಕಿಗೆ ಕರೆಂಟ್ ಕೊಡೋದು ನನಗೆ ಗೊತ್ತು. ಮೈಕ್ ಮುಂದೆ ನಿಂತು ಮಾತಾಡೋದು ಇದೇ ಮೊದಲು. ಹೋದ ವರ್ಷ ನಮ್ಮ ಬಳಗದ ಊಟದ ದಿನ ನಾನು ಖರ್ಜೂರದ ಗರಿಯಲ್ಲಿ ಹೆಣೆದ ಎರಡು ಬೀಸಣಿಗೆ ತಂದಿದ್ದೆ. ಅದನ್ನು ನೋಡಿದ ಕಾರ್ಯದರ್ಶಿಗಳು, "ಮುಂದಿನ ವರ್ಷ ಇದರ ಬಗ್ಗೆ ನೀನೇ ಹದಿನೈದು ನಿಮಿಷ ಮಾತಾಡಬೇಕು" ಅಂದ್ರು. ತಮಾಷೆ ಅಂದುಕೊಂಡು ಹೂಂ ಅಂದೆ. ಈಗ ಸಿಕ್ಕಿಹಾಕಿಕೊಂಡಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ಒಂದು ಪ್ರಶ್ನೆ. ನಾವು ಊರಿಂದ ಇಲ್ಲಿಗೆ ಬರುವಾಗ ಪೆಟ್ಟಿಗೆಯಲ್ಲಿ ಏನೇನು ಇತ್ತು, ನೆನಪು ಮಾಡಿಕೊಳ್ಳಿ. ನನ್ನದರಲ್ಲಿ ಅವ್ವ ಕುಟ್ಟಿದ ಚಟ್ನಿಪುಡಿ, ಮಾವಿನಕಾಯಿ ಉಪ್ಪಿನಕಾಯಿ, ಸಂಡಿಗೆ, ಒಂದು ಪೊಟ್ಟಣ ಸೀಗೇಪುಡಿ ಇತ್ತು. ನನ್ನ ರೂಮಿನಲ್ಲಿ ಕಲಬುರಗಿ ಕಡೆಯ ಒಬ್ಬ ಅಣ್ಣ ಇದ್ದಾರೆ, ಶಟರಿಂಗ್ ಕಾರ್ಪೆಂಟರ್. ಅವರ ಮಂಚದ ಮೇಲೆ ಇವತ್ತಿಗೂ ಅವರ ತಾಯಿ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಇದೆ. ಇದ್ಯಾವುದೂ ಅಂಗಡಿಯಲ್ಲಿ ಕೊಂಡದ್ದಲ್ಲ. ಎಲ್ಲಾ ಕೈಯಲ್ಲಿ ಮಾಡಿದ್ದು.

ಈಗ ನಾವು ಊರಿಗೆ ಹೋಗುವ ಪೆಟ್ಟಿಗೆ ನೋಡಿ. ಸೆಂಟು, ಸೋಪು, ಚಾಕಲೇಟು, ಕಂಬಳಿ, ಮೊಬೈಲು, ಬ್ಯಾಟರಿ ಆಟಿಕೆ. ಎಲ್ಲಾ ಅಂಗಡಿಯದು. ಮನೆಯವರು ಮಾಡಿ ಕೊಟ್ಟದ್ದನ್ನು ನಾವು ಉಡುಗೊರೆ ಅಂತ ಲೆಕ್ಕಕ್ಕೇ ಹಿಡಿಯಲಿಲ್ಲ. ನಾವು ಕೊಂಡು ಒಯ್ದದ್ದನ್ನು ಮಾತ್ರ ಉಡುಗೊರೆ ಅಂದ್ವಿ. ಈ ಲೆಕ್ಕ ನನಗೆ ಗೊತ್ತಾಗೋಕೆ ಬಹಳ ವರ್ಷ ಹಿಡೀತು.

ಕೊಂಡು ಒಯ್ಯಬಾರದು ಅಂತ ನಾನು ಹೇಳೋದಿಲ್ಲ. ಕೈಯಲ್ಲಿದ್ದರೆ ಒಯ್ಯಿರಿ. ನಾನು ಹೇಳ್ತಿರೋದು ಕೈಯಲ್ಲಿ ಇಲ್ಲದವರ ವಿಷಯ. ಆ ಕಲಬುರಗಿ ಅಣ್ಣನ ಮಾತನ್ನೇ, ಅವರ ಒಪ್ಪಿಗೆ ಕೇಳಿಕೊಂಡು, ಇಲ್ಲಿ ಹೇಳ್ತೀನಿ. ಅವರಿಗೆ ಎರಡು ವರ್ಷಕ್ಕೊಮ್ಮೆ ಕಂಪನಿ ಟಿಕೆಟ್. ಒಂದು ಸಲದ ರಜೆ ಬಿಟ್ಟರು. ಇನ್ನೊಂದು ಸಲವೂ ಬಿಟ್ಟು, ಟಿಕೆಟಿನ ದುಡ್ಡನ್ನೂ ರಜೆಯ ದುಡ್ಡನ್ನೂ ಮನೆಗೆ ಕಳಿಸಿದರು. ನಾಲ್ಕು ವರ್ಷ ಊರು ನೋಡಲಿಲ್ಲ. ಕೆಲಸ ಜಾಸ್ತಿ ಇರಬೇಕು ಅಂತ ನಾವೆಲ್ಲಾ ಅಂದುಕೊಂಡಿದ್ವಿ. ಒಂದು ರಾತ್ರಿ ನಾನೇ ಕೇಳಿದೆ. ಅವರು ಅಂದ್ರು: "ಬರಿಗೈಲೆ ಹೆಂಗ ಹೋಗ್ಲಿ ತಮ್ಮಾ? ಹನ್ನೆರಡು ಮನಿ ಅವ. ಮನಿಗೊಂದು ಸಾಮಾನ ಅಂದ್ರೂ ಮೂರು ಪಗಾರ ಹೋಗ್ತಾವ. ಒಂದು ಮನಿಗೆ ಕೊಟ್ಟು ಇನ್ನೊಂದಕ್ಕ ಬಿಟ್ರ ಮಾತು ಬರ್ತದ. ಅದಕ್ಕ ಹೋಗದನ ಚಲೋ."

ಅಂದರೆ ಈ ಮನುಷ್ಯ ತನ್ನ ಮಕ್ಕಳ ಮುಖ ನೋಡದೆ ನಾಲ್ಕು ವರ್ಷ ಇದ್ದದ್ದು ಸೋಪು ಸೆಂಟಿನ ಲೆಕ್ಕದಿಂದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ನನ್ನ ಕಥೆಯೂ ಬೇರೆ ಏನಿರಲಿಲ್ಲ. ಆಗ ನಾನಿದ್ದ ಕಂಪನಿಯಲ್ಲಿ ಎರಡು ತಿಂಗಳಿಂದ ಸಂಬಳ ತಡವಾಗಿತ್ತು. ದೀಪಾವಳಿಗೆ ರಜೆ ಬರೆದುಕೊಟ್ಟಿದ್ದೆ. ಸಾಮಾನು ತರೋಕೆ ಸಾಲ ಮಾಡಲೋ, ರಜೆ ಮುಂದಕ್ಕೆ ಹಾಕಲೋ ಅಂತ ನಾನೂ ಯೋಚನೆ ಮಾಡ್ತಿದ್ದೆ.

ಇದಕ್ಕೆ ಕೆಲವು ತಿಂಗಳ ಹಿಂದೆ ಒಂದು ರಜೆ ದಿನ ಸ್ನೇಹಿತರ ಜೊತೆ ಶಾರ್ಜಾ ಹೆರಿಟೇಜ್ ಡೇಸ್ ನೋಡೋಕೆ ಹೋಗಿದ್ದೆ. ಪ್ರತಿವರ್ಷ ಶಾರ್ಜಾದ ಹಳೇ ಪೇಟೆಯಲ್ಲಿ ನಡೆಯುತ್ತೆ, ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ಈ ದೇಶದ ವಯಸ್ಸಾದ ಹೆಂಗಸರು ನೆಲದ ಮೇಲೆ ಕೂತು ಖರ್ಜೂರದ ಗರಿ ಹೆಣೀತಾ ಇದ್ದರು. ಒಬ್ಬ ಅಜ್ಜಿ ಕೈ ಕೆಳಗೆ ನೋಡದೇನೆ ಹೆಣೀತಾ ಪಕ್ಕದವರ ಹತ್ತಿರ ಮಾತಾಡ್ತಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಅದು ನಮ್ಮವ್ವನ ಕೈ.

ನಮ್ಮದು ಶಿರಾ ಕಡೆ. ಹಳ್ಳದ ಪಕ್ಕ, ಕೆರೆ ಹಿಂದೆ ಎಲ್ಲಿ ನೋಡಿದರೂ ಈಚಲು. ಅವ್ವ ಬೇಸಿಗೆಯಲ್ಲಿ ಈಚಲ ಗರಿ ತಂದು, ಒಣಗಿಸಿ, ನೀರು ಚಿಮುಕಿಸಿ, ನಾಲ್ಕು ಬೆರಳಗಲದ ಪಟ್ಟಿ ಹೆಣೆದು ಸುರುಳಿ ಸುತ್ತಿ ಇಡೋಳು. ಆಮೇಲೆ ಆ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದರೆ ಚಾಪೆ. ನಾನು ಹುಟ್ಟಿ ಮಲಗಿದ್ದೂ ಅಂಥ ಚಾಪೆ ಮೇಲೆಯೇ. ಆ ಅಜ್ಜಿ ಮಾಡ್ತಿದ್ದದ್ದೂ ಅದೇ. ಉದ್ದಕ್ಕೆ ಪಟ್ಟಿ ಹೆಣೆಯೋದು, ಆಮೇಲೆ ಸೇರಿಸಿ ಹೊಲಿಯೋದು. ಗರಿಗೆ ಇವರು ಖೂಸ್ ಅಂತಾರೆ, ಹೆಣಿಗೆಗೆ ಸಫೀಫ ಅಂತಾರೆ. ಬೀಸಣಿಗೆ ಅಂದರೆ ಮಹಫ್ಫ. ಊಟಕ್ಕೆ ನೆಲದ ಮೇಲೆ ಹಾಸುವ ದುಂಡು ಚಾಪೆ ಸುರೂದ್.

ಆಮೇಲೆ ಗೊತ್ತಾಯಿತು, ನಮ್ಮ ಈಚಲೂ ಇವರ ಖರ್ಜೂರವೂ ಒಂದೇ ಕುಲದ ಮರಗಳಂತೆ, ದಾಯಾದಿಗಳು ಇದ್ದ ಹಾಗೆ. ನಮ್ಮ ಈಚಲ ಹಣ್ಣು ಚಿಕ್ಕದು, ತಿರುಳು ಕಡಿಮೆ. ಇವರದು ದೊಡ್ಡದು, ಸಿಹಿ ಜಾಸ್ತಿ. ಸಿಮೆಂಟು, ಏಸಿ ಬರೋಕೆ ಮುಂಚೆ ಈ ಜನ ಮನೆ ಕಟ್ಟಿಕೊಳ್ತಿದ್ದದ್ದೂ ಇದೇ ಗರಿಯಿಂದ. ಅದಕ್ಕೆ ಅರೀಶ್ ಅಂತಿದ್ದರು. ಖರ್ಜೂರದ ಮರಕ್ಕೆ ಸಂಬಂಧಪಟ್ಟ ಕಸುಬು, ತಿಳಿವಳಿಕೆ, ಆಚಾರಗಳನ್ನು ಯುನೆಸ್ಕೋ 2019ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಯುಎಇ, ಒಮಾನ್, ಬಹರೇನ್, ಕುವೈತ್, ಸೌದಿ ಎಲ್ಲಾ ಸೇರಿ ಹದಿನಾಲ್ಕು ದೇಶಗಳು ಕೇಳಿಕೊಂಡಿದ್ದವು. ನಮ್ಮ ಅವ್ವಂದಿರ ಕೈಗೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ, ಅದು ಬೇರೆ ಮಾತು.

ಈ ಊರಲ್ಲಿ ರಸ್ತೆ ರಸ್ತೆಗೂ ಖರ್ಜೂರದ ಮರ ಇದೆ. ವರ್ಷಕ್ಕೊಮ್ಮೆ ಒಣಗರಿ ಕತ್ತರಿಸಿ ಲಾರಿಗೆ ತುಂಬಿ ಒಯ್ತಾರೆ. ಕೈ ನಮ್ಮದು ಇದೆ. ಸಮಯ? ಅದೂ ಇದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಆ ಎರಡೂವರೆ ಗಂಟೆ ನಾವು ನೆರಳಲ್ಲಿ ಬಿದ್ದುಕೊಂಡು ಮೊಬೈಲ್ ನೋಡ್ತೀವಿ. ಆ ಬೇಸಿಗೆ ನಾನು ಅರ್ಧ ಗಂಟೆ ಮಲಗಿ, ಉಳಿದ ಹೊತ್ತು ಹೆಣೆದೆ.

ಈಗ ಮಾಡೋದು ಹೇಗೆ ಅಂತ ಹೇಳ್ತೀನಿ. ಬರೆದುಕೊಳ್ಳೋರು ಬರೆದುಕೊಳ್ಳಿ.

ಮೊದಲನೇದು, ಗರಿ ತರೋದು. ನೀವಾಗಿ ಮರ ಮುಟ್ಟಬೇಡಿ. ರಸ್ತೆ ಮರ ಮುನ್ಸಿಪಾಲಿಟಿಯದು, ವಿಲ್ಲಾದ ಮರ ಮಾಲೀಕರದು. ಕತ್ತರಿಸಿದರೆ ದಂಡ ಬೀಳುತ್ತೆ. ಇನ್ನೊಂದು ಕಾರಣವೂ ಇದೆ. ಕೆಂಪು ಮೂತಿ ಹುಳು ಅಂತ ಒಂದಿದೆ, ತೆಂಗನ್ನೂ ಖರ್ಜೂರವನ್ನೂ ಒಳಗಿಂದ ತಿಂದು ಬೀಳಿಸುತ್ತೆ. ಹಸಿ ಗಾಯ ಕಂಡರೆ ಅಲ್ಲಿ ಬಂದು ಮೊಟ್ಟೆ ಇಡುತ್ತೆ. ಆದ್ದರಿಂದ ಮಾಲಿ ಕತ್ತರಿಸಿ ರಾಶಿ ಹಾಕಿದ ಗರಿಯನ್ನೇ ಕೇಳಿ ಇಸ್ಕೊಳ್ಳಿ. ನಾನು ಕೆಲಸಕ್ಕೆ ಹೋಗುವ ವಿಲ್ಲಾದಲ್ಲಿ ಬಾಂಗ್ಲಾದ ಒಬ್ಬ ಮಾಲಿ ಇದ್ದಾನೆ. ಒಂದು ಲೋಟ ಚಹಾಕ್ಕೆ ಒಂದು ಹೊರೆ ಕೊಡ್ತಾನೆ.

ಕೈಗವಸು ಹಾಕಿಕೊಳ್ಳದೆ ಗರಿ ಹಿಡೀಬೇಡಿ. ಸೈಟಿನಲ್ಲಿ ಕೊಡುವ ಚರ್ಮದ ಗ್ಲೌಸ್ ಸಾಕು. ಗರಿಯ ಬುಡದಲ್ಲಿ ಸೂಜಿಯಂಥ ಮುಳ್ಳುಗಳಿವೆ. ಚುಚ್ಚಿದರೆ ಎರಡು ದಿನ ಪ್ಲಯರ್ ಹಿಡಿಯೋಕಾಗಲ್ಲ, ನನಗೆ ಆಗಿದೆ. ಮರದ ತಲೆಯ ಒಳಗಿನ ಎಳೇ ಗರಿ ಮೆತ್ತಗೆ, ಬೆಳ್ಳಗೆ ಇರುತ್ತೆ. ಒಳ್ಳೇ ಕೆಲಸಕ್ಕೆ ಇಲ್ಲಿನ ಹೆಂಗಸರು ಅದನ್ನೇ ಬಳಸ್ತಾರೆ. ನಮಗೆ ಸಿಗೋದು ಹೊರಗಿನ ಬಲಿತ ಗರಿ. ಅದರಲ್ಲಿ ಪೂರ್ತಿ ಒಣಗಿ ಪುಡಿಯಾಗೋದನ್ನು ಬಿಟ್ಟು, ಹಸಿರು ಇನ್ನೂ ಇರೋದನ್ನು ಆರಿಸಿಕೊಳ್ಳಿ. ಮರಗಳಿಗೆ ಶುದ್ಧ ಮಾಡಿದ ಚರಂಡಿ ನೀರು ಬಿಡ್ತಾರೆ, ಔಷಧಿ ಹೊಡೀತಾರೆ. ಮೊದಲು ಸೋಪಿನ ನೀರಲ್ಲಿ ಚೆನ್ನಾಗಿ ತೊಳೀರಿ.

ಎರಡನೇದು, ಒಣಗಿಸೋದು. ದಂಟಿನಿಂದ ಎಲೆ ಕಿತ್ತು, ಕಟ್ಟು ಕಟ್ಟಿ ನಾಲ್ಕೈದು ದಿನ ಒಣಗಿಸಿ. ನೆರಳಲ್ಲಿ ಒಣಗಿಸಿದರೆ ತಿಳಿ ಹಸಿರು ಉಳಿಯುತ್ತೆ, ಬಿಸಿಲಲ್ಲಿ ಹಾಕಿದರೆ ಬಿಳಿಚಿಕೊಳ್ಳುತ್ತೆ. ಅವಸರ ಬೇಡ. ನಾನು ಮೊದಲು ಹಸಿ ಎಲೆಯಲ್ಲೇ ಹೆಣೆದೆ. ಬಿಗಿಯಾಗಿ, ಚಂದ ಕಾಣ್ತಿತ್ತು. ವಾರದಲ್ಲಿ ಎಲೆ ಒಣಗಿ ಕುಗ್ಗಿ, ಬೀಸಣಿಗೆ ಹೋಗಿ ಜರಡಿ ಆಯಿತು. ಒಣಗಿದ ಮೇಲೆ ಹೆಣೆಯುವ ದಿನ ಅರ್ಧ ಗಂಟೆ ನೀರಲ್ಲಿ ನೆನೆಸಿ, ಒದ್ದೆ ಟವೆಲ್ಲಿನಲ್ಲಿ ಸುತ್ತಿಡಿ. ಎಲೆ ಮತ್ತೆ ಬಾಗೋ ಹಾಗೆ ಆಗುತ್ತೆ.

ಮೂರನೇದು, ಹೆಣಿಗೆ. ಎಲೆಯನ್ನು ಉದ್ದಕ್ಕೆ ಸೀಳಿ, ಒಂದು ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ 48 ಪಟ್ಟಿ ಮಾಡಿಕೊಳ್ಳಿ. ಅಗಲ ಎಲ್ಲಾ ಒಂದೇ ಇರಲಿ, ಅದೇ ಮುಖ್ಯ. 24 ಪಟ್ಟಿಗಳನ್ನು ಪಕ್ಕ ಪಕ್ಕ ಹಲಗೆ ಮೇಲೆ ಇಟ್ಟು, ತುದಿಗೆ ಟೇಪ್ ಅಂಟಿಸಿ. ಉಳಿದ 24ನ್ನು ಅಡ್ಡಕ್ಕೆ, ಒಂದರ ಮೇಲೆ ಒಂದರ ಕೆಳಗೆ ತೂರಿಸುತ್ತಾ ಬನ್ನಿ. ಮುಂದಿನ ಸಾಲಿನಲ್ಲಿ ಅದನ್ನೇ ತಿರುವುಮುರುವು. ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ಪ್ರತಿ ಸಾಲನ್ನೂ ಬೆರಳಿನಿಂದ ಹಿಂದಕ್ಕೆ ಒತ್ತಿ ಬಿಗಿ ಮಾಡಿ. ಪೂರ್ತಿ ಆದಾಗ ಸುಮಾರು 24 ಸೆಂಟಿಮೀಟರಿನ ಚೌಕ ಬರುತ್ತೆ, ನಾಲ್ಕೂ ಕಡೆ ಎಂಟು ಸೆಂಟಿಮೀಟರ್ ತುದಿ ಉಳಿಯುತ್ತೆ. ಆ ತುದಿಗಳನ್ನು ಮತ್ತೆ ಸ್ವಲ್ಪ ಒದ್ದೆ ಮಾಡಿ, ಹಿಂದಕ್ಕೆ ಮಡಿಸಿ, ಹೆಣಿಗೆಯ ಒಳಗೇ ಸಿಕ್ಕಿಸಿ. ಅಂಚು ಕಟ್ಟೋದು ಅಂದರೆ ಇದೇ. ಬೀಸಣಿಗೆಯ ಆಯುಸ್ಸು ಇರೋದು ಅಂಚಿನಲ್ಲಿ.

ಹಿಡಿಗೆ ಗರಿಯ ದಂಟೇ ಸಾಕು. 45 ಸೆಂಟಿಮೀಟರ್ ಕತ್ತರಿಸಿ, ಮುಳ್ಳು ಕೆತ್ತಿ, ಮರಳು ಕಾಗದದಲ್ಲಿ ಉಜ್ಜಿ. ಮೇಲಿನ 25 ಸೆಂಟಿಮೀಟರನ್ನು ಮಧ್ಯಕ್ಕೆ ಸೀಳಿ, ಆ ಸೀಳಿನೊಳಗೆ ಹೆಣಿಗೆಯ ಒಂದು ಅಂಚು ತೂರಿಸಿ, ಮೂರು ಕಡೆ ಹತ್ತಿ ದಾರದಲ್ಲಿ ಬಿಗಿದರೆ ಆಯಿತು. ನನಗೆ ಮೊದಲ ಬೀಸಣಿಗೆ ಮೂರು ಮಧ್ಯಾಹ್ನ ತಗೊಂಡಿತು. ಈಗ ಎರಡು ಗಂಟೆ.

ಬಣ್ಣ ಬೇಕು ಅನ್ನೋರಿಗೆ ನಮ್ಮ ಮೆಸ್ಸಿನಲ್ಲೇ ಬಣ್ಣ ಇದೆ. ದಿನಾ ಮೂಟೆಗಟ್ಟಲೆ ಈರುಳ್ಳಿ ಸುಲೀತಾರೆ, ಆ ಒಣ ಸಿಪ್ಪೆ ಎರಡು ಹಿಡಿ ತನ್ನಿ. ಅಡುಗೆಯವರನ್ನು ಕೇಳಿಕೊಂಡು, ಊಟಕ್ಕೆ ಬಳಸದ ಹಳೇ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿ. ಹಜಾಮರ ಅಂಗಡಿಯಲ್ಲಿ ಇಡ್ತಾರಲ್ಲ, ಆ ಪಟಿಕ ಒಂದು ಚಮಚದಷ್ಟು ಪುಡಿ ಮಾಡಿ ಹಾಕಿ, ಎಲೆ ಮುಳುಗಿಸಿಡಿ. ಜೇನಿನಂಥ ಬಣ್ಣ ಬರುತ್ತೆ. ಅರಿಶಿನ ಮೊದಲ ದಿನ ಬಹಳ ಚಂದ, ಬಿಸಿಲಿಗೆ ಬೇಗ ಹಾರಿ ಹೋಗುತ್ತೆ. ಬೀಟ್ರೂಟ್ ನಿಲ್ಲೋದೇ ಇಲ್ಲ.

ಹೆಣೆಯೋಕೆ ತಾಳ್ಮೆ ಇಲ್ಲ ಅನ್ನೋರಿಗೆ ಇನ್ನೊಂದಿದೆ. ಖರ್ಜೂರದ ಗರಿಯ ಬುಡಕ್ಕೆ ಸುತ್ತಿಕೊಂಡು ಕಂದು ಬಣ್ಣದ ನಾರಿನ ಬಲೆ ಇರುತ್ತೆ. ಇದಕ್ಕೆ ಇಲ್ಲಿ ಲೀಫ್ ಅಂತಾರೆ. ಹಿಂದೆ ಹಗ್ಗ ಹೊಸೀತಿದ್ದರು, ಮೈ ಉಜ್ಜೋಕೂ ಬಳಸ್ತಿದ್ದರು. ನೀರಲ್ಲಿ ಒಂದು ದಿನ ನೆನೆಸಿ, ಬಡಿದು, ಧೂಳೆಲ್ಲಾ ಹೋಗೋವರೆಗೂ ತೊಳೆದು, ಒಣಗಿಸಿ, ಉಂಡೆ ಮಾಡಿ ದಾರ ಸುತ್ತಿ. ನಮ್ಮಲ್ಲಿ ತುಪ್ಪದ ಹೀರೇಕಾಯಿಯ ನಾರಿನಲ್ಲಿ ಬೆನ್ನು ಉಜ್ಜುತ್ತಾರಲ್ಲ, ಅದೇ ಕೆಲಸ. ಎಣ್ಣೆ ಸ್ನಾನದ ದಿನ ಉಪಯೋಗಕ್ಕೆ ಬರುತ್ತೆ. ಒಂದು ಮಧ್ಯಾಹ್ನಕ್ಕೆ ಐದಾರು ಮಾಡಬಹುದು.

ಇಲ್ಲಿ ಒಂದು ಮಾತನ್ನು ಎಲೆಕ್ಟ್ರಿಷಿಯನ್ ಆಗಿ ಹೇಳಲೇಬೇಕು. ಒಬ್ಬ ತಮ್ಮ ಕೇಳಿದ, "ಅಣ್ಣ, ಇದರಲ್ಲೇ ಲೈಟಿಗೆ ಬುರುಡೆ ಮಾಡಬಹುದಲ್ಲ?" ಅಂತ. ಮಾಡಬಹುದು, ಆದರೆ ಹುಷಾರು. ಒಣ ಗರಿ ಅಂದರೆ ಒಲೆಗೆ ಹಾಕುವ ಪುಳ್ಳೆ. ಹಳೇ ಕಾಲದ 60 ವ್ಯಾಟಿನ ತಂತಿ ಬಲ್ಬಿನ ಗಾಜು ನೂರು ಡಿಗ್ರಿಗಿಂತ ಜಾಸ್ತಿ ಕಾಯುತ್ತೆ. ಅದರ ಮೇಲೆ ಗರಿ ಮುಚ್ಚಿದರೆ ಮನೆಗೆ ಬೆಂಕಿ ಉಡುಗೊರೆ ಕೊಟ್ಟ ಹಾಗೆ. ಮಾಡಲೇಬೇಕು ಅಂದರೆ ಮೂರರಿಂದ ಐದು ವ್ಯಾಟಿನ ಎಲ್‌ಇಡಿ ಮಾತ್ರ. ಸುತ್ತ ನಾಲ್ಕು ಬೆರಳು ಜಾಗ ಬಿಡಿ, ಬಿಸಿ ಹೋಗೋಕೆ ಮೇಲೆ ಬಾಯಿ ತೆರೆದಿರಲಿ. ಸೀರಿಯಲ್ ಸೆಟ್ಟಿನ ವೈರನ್ನು ಗರಿಗೆ ಸುತ್ತಿ ಗೋಡೆಗೆ ನೇತು ಹಾಕಬೇಡಿ.

ವಿಮಾನದ ವಿಷಯ. ಮುಗಿಸಿದ ಸಾಮಾನನ್ನು ಎರಡು ದಿನ ಬಿಸಿಲಲ್ಲಿ ಒಣಗಿಸಿ, ಪ್ಲಾಸ್ಟಿಕ್ ಬದಲು ಹಳೇ ಪಂಚೆಯಲ್ಲಿ ಸುತ್ತಿ. ಪಸೆ ಇದ್ದು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಷ್ಟು ಹಿಡಿಯುತ್ತೆ. ಹಸಿ ಗರಿ, ಸಸಿ, ಬಿತ್ತುವ ಬೀಜ, ಮಣ್ಣು ಒಯ್ಯೋದಕ್ಕೆ ನಮ್ಮ ದೇಶದಲ್ಲಿ ನಿರ್ಬಂಧ ಇದೆ. ಹೋದ ಹುಳು ನಮ್ಮ ತೆಂಗಿಗೇ ಬೀಳುತ್ತೆ, ಸುಮ್ಮನೆ ಬೇಡ. ಸಮುದ್ರದ ದಂಡೆಯಿಂದ ಹವಳ, ದೊಡ್ಡ ಚಿಪ್ಪು ಆರಿಸಿ ಪೆಟ್ಟಿಗೆಗೆ ಹಾಕಿಕೊಂಡು ಕಾನೂನಿನ ಬಾಯಿಗೆ ಬೀಳಬೇಡಿ. ಬ್ಲೇಡು, ಚಾಕು ಕೈಚೀಲದಲ್ಲಿ ಬೇಡ. ಇನ್ನು ತೂಕ. ಹತ್ತು ಬೀಸಣಿಗೆಯನ್ನು ಒಂದು ಕೈಯಲ್ಲಿ ಎತ್ತಬಹುದು. ಕೌಂಟರಿನಲ್ಲಿ ಪೆಟ್ಟಿಗೆ ಬಿಚ್ಚಿ ಸೋಪು ಹೊರಗೆ ತೆಗೆಯುವ ಅವಮಾನ ಇಲ್ಲ.

ಈಗ ಒಯ್ದ ಮೇಲೆ ಏನಾಯಿತು ಅನ್ನೋದು. ಸುಳ್ಳು ಹೇಳೋದಿಲ್ಲ. ಎಲ್ಲರೂ ಕಣ್ಣಿಗೆ ಒತ್ತಿಕೊಂಡರು ಅಂತ ಹೇಳೋಕಾಗಲ್ಲ. ನಮ್ಮ ಭಾವ ಬೀಸಣಿಗೆ ತಿರುಗಿಸಿ ನೋಡಿ, "ದುಬೈಗೆ ಹೋಗಿ ಈಚಲಗರಿ ತಂದಿದಾನೆ ನೋಡ್ರಪ್ಪ" ಅಂದ್ರು. ಮನೆತುಂಬ ನಕ್ಕರು. ನನಗೆ ಮುಖ ಬಿಸಿ ಆಯಿತು. ಆಗ ಅವ್ವ ಬೀಸಣಿಗೆ ಈಸ್ಕೊಂಡು, ಬೆಳಕಿಗೆ ಹಿಡಿದು ನೋಡಿದಳು. ಚೆನ್ನಾಗಿದೆ ಅಂತಲೂ ಅನ್ನಲಿಲ್ಲ. "ಅಂಚು ಸರಿಯಾಗಿ ಕಟ್ಟಿಲ್ಲ ಕಣೋ ಮಗ" ಅಂದು, ಅಲ್ಲೇ ಗೋಡೆಗೊರಗಿ ಕೂತು, ಒಂದು ಬದಿ ಬಿಚ್ಚಿ, ಬಾಯಲ್ಲಿ ನೀರು ಚಿಮುಕಿಸಿ ಮತ್ತೆ ಕಟ್ಟಿದಳು. "ಯಾರು ಹೇಳಿಕೊಟ್ರು ನಿಂಗೆ?" ಅಂದಳು. "ನೀನೇ ಅಲ್ವೇನವ್ವ" ಅಂದೆ. ಮುಂದೆ ಇಬ್ಬರೂ ಮಾತಾಡಲಿಲ್ಲ. ಆ ರಾತ್ರಿ ಕರೆಂಟ್ ಹೋಯಿತು. ಎಲೆಕ್ಟ್ರಿಷಿಯನ್ ಮಗ ತಂದ ಉಡುಗೊರೆ ಉಪಯೋಗಕ್ಕೆ ಬಂದದ್ದು ಕರೆಂಟ್ ಇಲ್ಲದಾಗ. ಮೊದಲು ಬೀಸಣಿಗೆಗೆ ಕೈ ಚಾಚಿದ್ದು ನಮ್ಮ ಭಾವನೇ.

ನನ್ನ ಮಗಳಿಗೆ ಆಗ ಆರು ವರ್ಷ. ಅದಕ್ಕೆ ಹಿಂದಿನ ಸಲ ಡ್ರ್ಯಾಗನ್ ಮಾರ್ಟಿನಿಂದ ಹಾಡುವ ಗೊಂಬೆ ಒಯ್ದಿದ್ದೆ, ವಾರಕ್ಕೇ ಕೆಟ್ಟುಹೋಯಿತು. ನಾನು ಎಲೆಕ್ಟ್ರಿಷಿಯನ್ ಆಗಿದ್ದೂ ರಿಪೇರಿ ಮಾಡೋಕಾಗಲಿಲ್ಲ. ಈ ಸಲ ಹಿತ್ತಲ ತೆಂಗಿನ ಗರಿ ಕಿತ್ತು, ನಾವೆಲ್ಲಾ ಚಿಕ್ಕವರಿದ್ದಾಗ ಮಾಡ್ತಿದ್ದ ವಾಚು ಮಾಡಿ ಕೈಗೆ ಕಟ್ಟಿದೆ. ಮಾರನೇ ದಿನ ಅದು ಒಣಗಿತು. "ಅಪ್ಪಾ, ಹೊಸದು" ಅಂದಳು. ಮಾಡಿದೆ. ದಿನಾ ಒಂದು. ರಜೆ ಇದ್ದದ್ದು ಇಪ್ಪತ್ತೆಂಟು ದಿನ. ಕೊನೆಯ ವಾರ ನಾನು ಗರಿ ಸೀಳಿ ಕೊಡ್ತಿದ್ದೆ, ಅವಳೇ ಮಾಡ್ತಿದ್ದಳು. ಹೊರಡುವ ದಿನ ನನ್ನ ಕೈಗೆ ಅವಳೇ ಒಂದು ಕಟ್ಟಿದಳು. ಬೆಂಗಳೂರು ಏರ್‌ಪೋರ್ಟಿನ ಚೆಕಿಂಗಿನಲ್ಲಿ ವಾಚು ಬಿಚ್ಚಿ ಟ್ರೇಗೆ ಹಾಕಿ ಅಂದರು. ಕೈ ತೋರಿಸಿದೆ. ಆ ಸಾಹೇಬರೂ ನಕ್ಕು, ಹೋಗಿ ಅಂದರು.

ಕಲಬುರಗಿ ಅಣ್ಣನ ಮಾತು ಉಳಿಯಿತು. ಅವರು ಬಡಗಿ, ಕೈ ನನಗಿಂತ ಚೆನ್ನಾಗಿ ಓಡುತ್ತೆ. ನಾನು ವಾಪಸು ಬಂದ ಮೇಲೆ ಅವರೂ ಕೂತರು. ನಾಲ್ಕು ತಿಂಗಳಲ್ಲಿ ಹನ್ನೆರಡು ಮನೆಗೆ ಹನ್ನೆರಡು ಬೀಸಣಿಗೆ, ಹನ್ನೆರಡು ಲೀಫಿನ ಉಂಡೆ. ಜೊತೆಗೆ ಮಕ್ಕಳಿಗೆ ಒಂದಿಷ್ಟು ಖರ್ಜೂರ, ಚಾಕಲೇಟು, ಅಷ್ಟೇ. ಎಲ್ಲಾ ಮನೆಗೂ ಒಂದೇ ತರ, ಹೆಚ್ಚು ಕಡಿಮೆ ಅನ್ನೋ ಮಾತಿಲ್ಲ. ಅವರು ಹೊರಡುವ ಮುಂಚೆ ಹೆದರಿದ್ದರು, ನನ್ನ ಭಾವನ ಕಥೆ ಕೇಳಿ ಇನ್ನೂ ಹೆದರಿದ್ದರು. ಊರಿಂದ ಫೋನ್ ಮಾಡಿ ಅಂದದ್ದು ಇಷ್ಟು: "ಯಾರೂ ಏನೂ ಕೇಳ್ಲಿಲ್ಲೋ ತಮ್ಮಾ. ನಾ ಬಂದದ್ದ ನೋಡ್ಕೋತ ಕುಂತಾರ."

ಹನ್ನೆರಡು ಮನೆಯ ಭಯದಲ್ಲಿ ನಾಲ್ಕು ವರ್ಷ ಕಳೆದವು. ಆ ನಾಲ್ಕು ವರ್ಷವನ್ನು ಯಾವ ಬೀಸಣಿಗೆಯೂ ವಾಪಸು ತರೋದಿಲ್ಲ, ಅದು ಅವರಿಗೂ ಗೊತ್ತು. ಇಲ್ಲಿ ಕೂತವರಲ್ಲಿ ಇಂಥದ್ದೇ ಲೆಕ್ಕ ಹಾಕಿ ರಜೆ ಮುಂದಕ್ಕೆ ಹಾಕ್ತಿರೋರು ಇನ್ನೂ ಇರಬಹುದು. ಅವರಿಗಾಗಿಯೇ ನಾನು ಈ ಮೈಕ್ ಮುಂದೆ ನಿಂತದ್ದು. ಟಿಕೆಟ್ ಬಂದರೆ ಹೋಗಿ ಬನ್ನಿ. ಕೊಡೋಕೆ ಏನೂ ಇಲ್ಲ ಅನ್ನಿಸಿದರೆ ನಮ್ಮ ಕ್ಯಾಂಪಿಗೆ ಬನ್ನಿ. ರಜೆ ದಿನ ಸಂಜೆ ನಾಲ್ಕರ ಮೇಲೆ ನಾನು, ಕಲಬುರಗಿ ಅಣ್ಣ ಇಬ್ಬರೂ ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿರ್ತೀವಿ. ಗರಿ ನಮ್ಮದು, ಚಹಾ ನಿಮ್ಮದು. ಅಂಚು ಕಟ್ಟೋದನ್ನು ಈಗ ನಾನು ಸರಿಯಾಗಿ ಕಲಿತಿದ್ದೇನೆ.